ಪಕ್ಕಕ್ಕೆ ಹೊರಟ ಬಾಣ

ಆರು ಪುಟದ ಪ್ರಬಂಧ. ಕೊನೆಯಲ್ಲಿ,
ಇರುವೆ ಸಾಲಿನಷ್ಟು ಸಣ್ಣ ಅಕ್ಷರದ ಕೃತಜ್ಞತೆಯಲ್ಲಿ
ನನ್ನ ಹೆಸರೂ ಇದೆ,
ಜಯಶೀಲಾ ಹೋಗಿ ಜಯಲೀಲಾ ಆಗಿ.

ಈಗ ನನ್ನ ಕೆಲಸ ಇದು:
ಸೊಂಟದ ಕೀಲಿನ ಮೇಲೆ ನಡೆದ ನಲವತ್ತು ಪ್ರಯೋಗಗಳನ್ನು
ಮೇಜಿನ ಮೇಲೆ ಪೇರಿಸಿಕೊಂಡು
ಯಾರು ಏನು ಹೇಳಿದ್ದಾರೆ, ಏನು ನುಂಗಿದ್ದಾರೆ ಎಂದು
ಇಪ್ಪತ್ತೈದು ಮನೆಗಳ ಪಟ್ಟಿ ತುಂಬುವುದು.
ಹೇಳಿದ್ದರೆ ಒಂದು. ಹೇಳದಿದ್ದರೆ ಸೊನ್ನೆ.
ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲ; ಕಾಕಂಬಿಯ ವಾಸನೆ
ಕಿಟಕಿಯ ಸಂದಿಯಿಂದ ಬಂದು
ಒಂದರ ಮೇಲೂ ಸೊನ್ನೆಯ ಮೇಲೂ ಕೂರುತ್ತದೆ.

ಇಪ್ಪತ್ತಮೂರನೆಯದು ನಮ್ಮದೇ.

ಒಂಬತ್ತನೆಯ ಮನೆ:
ಯಾರಿಗೆ ಯಾವ ಕೀಲು ಎಂಬುದನ್ನು ಹೇಗೆ ಮುಚ್ಚಿಟ್ಟಿರಿ?
ಮೊಹರು ಮಾಡಿದ ಲಕೋಟೆ, ಬೆಳಕು ಹಾಯದಂಥದ್ದು, ಎನ್ನುತ್ತದೆ ಪ್ರಬಂಧ.
ಆ ಲಕೋಟೆ ತಂದವಳು ನಾನು,
ಪೇಟೆ ಬೀದಿಯಿಂದ, ನೂರಕ್ಕೆ ಎಂಬತ್ತು ರೂಪಾಯಿ,
ಮದುವೆ ಮುಯ್ಯಿಗೆ ಕೊಡುವಂಥವು.
ಟ್ಯೂಬ್‌ಲೈಟಿಗೆ ಹಿಡಿದರೆ ಒಳಗಿನ ಅಕ್ಷರ
ತೆಳು ಸೆರಗಿನ ಹಿಂದಿನ ಮುಖದಂತೆ ಕಾಣುತ್ತಿತ್ತು.
ಡಾಕ್ಟರು ಹಿಡಿದು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ.
"ಈ ಅಜ್ಜಿಯ ಮೂಳೆ ಹಪ್ಪಳ ಕಣಮ್ಮ,
ಸಿಮೆಂಟು ಇಲ್ಲದ್ದು ನಿಲ್ಲೋದಿಲ್ಲ. ಮುಂದಿನದು ಕೊಡು."
ದಯೆಯಿಂದಲೇ ಕೇಳಿದರು.
ದಯೆಯಿಂದಲೇ ಕೊಟ್ಟೆ.
ಪಟ್ಟಿಯಲ್ಲಿ ದಯೆಗೆ ಮನೆಯಿಲ್ಲ.
ಮುಚ್ಚಿಟ್ಟೆವೆಂದು ಹೇಳಿದ್ದಾರೆ; ಆದ್ದರಿಂದ ಒಂದು.

ಆರನೆಯದನ್ನು ದಾಟಿ ಬಂದಿದ್ದೆ, ಹಿಂದಕ್ಕೆ ಹೋಗುತ್ತೇನೆ.
ಗುಣವನ್ನು ಯಾವುದರಿಂದ ಅಳೆದಿರಿ?
ಹೆಸರಾಂತ ಅಳತೆಗೋಲು, ನೂರು ಅಂಕದ್ದು.
ಅದರಲ್ಲೊಂದು ಪ್ರಶ್ನೆ:
ಬೂಟು, ಕಾಲುಚೀಲ ಸಲೀಸಾಗಿ ಹಾಕಿಕೊಳ್ಳುತ್ತೀರಾ?
ಕೀಲಾರದ ದೊಡ್ಡತಾಯಮ್ಮ ತನ್ನ ಬಿರಿದ ಹಿಮ್ಮಡಿ ನೋಡಿಕೊಂಡು ನಕ್ಕಳು.
"ಬೂಟಾ? ಮದ್ವೇಲೂ ಮೆಟ್ಟು ಹಾಕ್ದೋಳಲ್ಲ ಕನವ್ವ.
ಅದಿರ್ಲಿ, ಕುಕ್ಕರಗಾಲಲ್ಲಿ ಕೂರಕ್ಕಾಯ್ತದಾ ಹೇಳು.
ಒಲೆ ಮುಂದೆ ನಿಂತ್ಕಂಡು ಮುದ್ದೆ ತಿರುವಕ್ಕಾಯ್ತದಾ?"
ಅವಳ ಪ್ರಶ್ನೆಗೆ ಗೆರೆ ಇರಲಿಲ್ಲ.
ನಾನು ಬರೆದೆ: ಸಲೀಸಾಗಿ. ನಾಲ್ಕು ಅಂಕ.
ಆ ನಾಲ್ಕು ಈಗ ಸರಾಸರಿಯೊಳಗೆ ಕರಗಿದೆ,
ಪಾನಕದಲ್ಲಿ ಬೆಲ್ಲ; ಬೆರಳು ಹಾಕಿ ತೆಗೆಯಲಾಗದು.

ಹದಿಮೂರು. ಇಲ್ಲಿ ಚಿತ್ರವಿದೆ.
ಮೇಲೆ ನೂರಹನ್ನೆರಡು. ಕೆಳಗೆ ಐವತ್ತಾರು, ಐವತ್ತಾರು.
ಗೆರೆಗಳೆಲ್ಲ ನೀರಿನ ಹಾಗೆ ಕೆಳಕ್ಕೆ ಇಳಿಯುತ್ತವೆ.
ಒಂದು ಬಾಣ ಮಾತ್ರ ಪಕ್ಕಕ್ಕೆ ಹೊರಟು
ಸಣ್ಣ ಚೌಕದಲ್ಲಿ ನಿಲ್ಲುತ್ತದೆ:
ಏಳು ಮಂದಿ, ಸಂಪರ್ಕಕ್ಕೆ ಸಿಗಲಿಲ್ಲ.

ಸಿಗಲಿಲ್ಲವೇ?
ಇನ್ನಾಸಪ್ಪನ ಫೋನು ಹಾಸ್ಟೆಲಿನಲ್ಲಿ ಮೊಮ್ಮಗನ ಜೇಬಿನಲ್ಲಿತ್ತು,
ಅವನು ಎರಡು ಸಲ ಎತ್ತಿ "ತಾತ ಚೆನ್ನಾಗವ್ರೆ" ಎಂದ.
ಚಲುವೇಗೌಡರು ಎಷ್ಟು ಚೆನ್ನಾಗಿದ್ದರೆಂದರೆ
ನಾಟಿ ಬಿಟ್ಟು ತಪಾಸಣೆಗೆ ಬರಲು ಪುರುಸೊತ್ತಿರಲಿಲ್ಲ.
ಜೈಬುನ್ನಿಸಾ ಬರಲೇ ಇಲ್ಲ.
ಸ್ಕೂಟಿ ಹತ್ತಿ ನಾನೇ ಗುತ್ತಲಿಗೆ ಹೋದೆ.
ಚಾಪೆಯ ಅಂಚಿಗೆ ಒಂದು ಕಾಲು ಹೊರಳಿಕೊಂಡಿತ್ತು,
ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ.
ಕೀಲು ಜಾರಿತ್ತು. ಯಾವಾಗ? "ರಮಜಾನಿಗೆ ಮುಂಚೆ."
ನಡೆಯಲಾಗುತ್ತಿಲ್ಲ ಎಂದು ಹೇಳಲು
ನಡೆದೇ ಬರಬೇಕಿತ್ತಲ್ಲ, ಮೂರನೇ ಮಹಡಿಗೆ.
ಅಷ್ಟರಲ್ಲಿ ಗಡುವು ಮುಗಿದು ಒಂಬತ್ತು ದಿನ.
ನನ್ನ ಚೀಟಿ ಡಾಕ್ಟರ ಮೇಜಿನ ಮೇಲೆ
ಪೇಪರ್‌ವೇಟಿನ ಕೆಳಗೆ ಹಳದಿಯಾಯಿತು.

ಉಳಿದ ನಾಲ್ವರು ನನಗೂ ಗೊತ್ತಿಲ್ಲ.

ಕಳೆದುಕೊಂಡವರ ಲೆಕ್ಕ ಕೊಟ್ಟಿದ್ದಾರೆಯೇ? ಕೊಟ್ಟಿದ್ದಾರೆ. ಒಂದು.
ಒಟ್ಟು ಇಪ್ಪತ್ತೈದಕ್ಕೆ ಇಪ್ಪತ್ತೊಂದು.
ನಲವತ್ತರಲ್ಲಿ ನಮ್ಮದೇ ಮೇಲು.

ಇದನ್ನೇ ಮೈಸೂರಿನಲ್ಲಿ ಇನ್ನೊಬ್ಬರು, ನನ್ನ ಅಂಕ ನೋಡದೆ, ಅಳೆಯುತ್ತಾರೆ.
ಇಬ್ಬರದೂ ಕೂಡಿದರೆ ಸರಿ ಎಂದು ಲೆಕ್ಕ.
ಕೂಡುತ್ತದೆ. ಅವರ ಕೈಯಲ್ಲೂ ಇದೇ ಆರು ಪುಟ.

ಸಂಜೆ ಕಾರ್ಖಾನೆಯ ಸೈರನ್ನು ಕೂಗಿದಾಗ
ಇಪ್ಪತ್ತೊಂದನ್ನು ಹೊಡೆದುಹಾಕಿ, ಬೇರೆ ಹಾಳೆಯಲ್ಲಿ ಬರೆದೆ:
ಇದನ್ನು ನಾನು ಅಳೆಯಬಾರದು. ನಾನು ಅಲ್ಲಿದ್ದೆ.
ಕೆಳಗೆ ಜೈಬುನ್ನಿಸಾ, ಗುತ್ತಲು, ಬಲಗಾಲು.

ಹಳೆಯ ನೂರರಲ್ಲಿ ಉಳಿದಿದ್ದ ಲಕೋಟೆಗೆ ಹಾಳೆ ತುರುಕಿ
ಅಂಟು ಸವರುವ ಮುಂಚೆ
ಅಭ್ಯಾಸದಂತೆ ಬೆಳಕಿಗೆ ಹಿಡಿದೆ.

ಓದಬಹುದು.